ಕೊಡವುವ ಕೋಣೆಯಿಂದ

ಜೂನ್ ೪

ಅಕ್ಕಾ,

ಇವತ್ತು ಬೆಳಿಗ್ಗೆ ಆಫೀಸಿನ ಕಾವಲುಗಾರ ಬಾಗಿಲ ಪಕ್ಕದ ಹಿತ್ತಾಳೆ ಫಲಕವನ್ನು ಉಜ್ಜುತ್ತಿದ್ದ. ಫಲಕದ ಮೇಲೆ ಒಂದಕ್ಷರವೂ ಇಲ್ಲ. ಹಿಂದೆ ಇಲ್ಲಿದ್ದ ಕಂಪನಿಯ ಹೆಸರನ್ನು ಕೆರೆದು ತೆಗೆದವರು ಹೊಸದನ್ನು ಕೆತ್ತಿಸಿಲ್ಲ. ಆದರೂ ಮುಖ ಕಾಣುವಷ್ಟು ಹೊಳಪು ಬರುವವರೆಗೆ ಅವನು ಬಿಡಲಿಲ್ಲ. ಕೊನೆಗೆ ಅದರಲ್ಲೇ ನೋಡಿಕೊಂಡು ಮೀಸೆ ಸರಿಮಾಡಿಕೊಂಡ. ನಾನು ಹಿಂದೆಯೇ ನಿಂತಿದ್ದೆ. ಸ್ವಲ್ಪ ದಾರಿ ಬಿಡಿ ಎನ್ನಲು ಬಾಯಿ ಬರದೆ ಐದು ನಿಮಿಷ ತಡವಾಗಿ ಒಳಗೆ ಹೋದೆ. ನಗಬೇಡ.

ಏನು ಕೆಲಸ ಎಂದು ಫೋನಿನಲ್ಲಿ ಕೇಳಿದೆಯಲ್ಲ. ಆ ಫೋನು ಆಫೀಸಿನವರು ಕೊಟ್ಟದ್ದು. ಅದರಲ್ಲಿ ಆಡಿದ್ದು ಎಲ್ಲೆಲ್ಲಿ ಕೇಳಿಸುತ್ತದೋ ಎಂದು ಹೂಂ ಹಾಂ ಅಂದು ಇಟ್ಟುಬಿಟ್ಟೆ. ಕಾಗದದಲ್ಲಿ ಹೇಳುತ್ತೇನೆ.

'ಬಯಲು' ಅಂತ ಒಂದಿದೆ. ಕಂಪ್ಯೂಟರುಗಳ ಜಾಲವೇ, ಆದರೆ ಅದಕ್ಕೆ ಯಜಮಾನನಿಲ್ಲ, ಕಚೇರಿಯಿಲ್ಲ, ಬೀಗವಿಲ್ಲ. ಸೇರಿದವರೆಲ್ಲ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಒಂದಿಷ್ಟು ಜಾಗ ಬಿಟ್ಟುಕೊಡುತ್ತಾರೆ. ಯಾರಾದರೂ ಏನಾದರೂ ಬರೆದು ಹಾಕಿದರೆ ಅದು ಚೂರುಚೂರಾಗಿ ನೂರಾರು ಜನರ ಜಾಗದಲ್ಲಿ ಹಂಚಿಹೋಗುತ್ತದೆ. ಬರೆದವರು ಯಾರೆಂದು ಯಾರಿಗೂ ತಿಳಿಯದು. ಎಲ್ಲರದೂ ಇಟ್ಟುಕೊಂಡ ಹೆಸರು.

ನನಗೆ ಅಲ್ಲಿ ಹನ್ನೊಂದು ಹೆಸರು. ಒಬ್ಬರು ನಿವೃತ್ತ ಪೋಸ್ಟ್‌ಮಾಸ್ಟರು, ಒಬ್ಬಾಕೆ ಅವಳಿ ಮಕ್ಕಳ ತಾಯಿ, ಒಬ್ಬ ಟೈಲರು, ಮಾತುಮಾತಿಗೂ ಸಿಟ್ಟಾಗುವ ಒಬ್ಬ ಮೇಷ್ಟ್ರು... ದಿನವಿಡೀ ಇವರೆಲ್ಲರ ಪರವಾಗಿ ನಾನು ಮಾತಾಡಬೇಕು. ಮಕ್ಕಳ ಕೆಮ್ಮು, ಗುಂಡಿ ಹೊಲಿಯುವುದು, ಹಳೆಯ ಸ್ಟಾಂಪು. ಯಾಕೆ, ಯಾರಿಗಾಗಿ ಎಂದು ಇನ್ನೂ ಯಾರೂ ಹೇಳಿಲ್ಲ. ಆದರೆ ನಿಜ ಹೇಳಲೇ? ನನಗಿದು ಇಷ್ಟ. ಹುಟ್ಟಿದಾಗಿನಿಂದ ನಾನು ಆಡದೆ ಉಳಿಸಿದ ಮಾತನ್ನೆಲ್ಲ ಅವರು ಖರ್ಚು ಮಾಡುತ್ತಿದ್ದಾರೆ.

ಮೇಲ್ವಿಚಾರಕಿಗೆ ಎಲ್ಲರೂ ಬೆನ್ನ ಹಿಂದೆ 'ಅತ್ತೆ' ಎನ್ನುತ್ತಾರೆ. ಮೊದಲ ದಿನವೇ ನನ್ನ ಮೇಜಿನ ಬಳಿ ನಿಂತು, "ಏನಮ್ಮಾ, ನೀನು ಮಾತೇ ಆಡಲ್ವಲ್ಲ?" ಎಂದರು. ಪಕ್ಕದ ಮೇಜಿನವನನ್ನು ಇಲ್ಲಿ ಉದ್ದಣ್ಣ ಎನ್ನುತ್ತಾರೆ. ಅವನು ತಲೆಯೆತ್ತದೆ, "ಹನ್ನೊಂದು ಜನ ಮುಗಿಸಿದ ಮೇಲಲ್ವಾ ಮೇಡಂ, ಅವಳ ಸರದಿ ಬರೋದು" ಎಂದ. ಅತ್ತೆ ಕೂಡ ನಕ್ಕರು.

ಎರಡು ವರ್ಷ ಬಿಟ್ಟುಹೋಗುವ ಹಾಗಿಲ್ಲ ಎಂದು ಸಹಿ ಮಾಡಿಸಿಕೊಂಡಿದ್ದಾರೆ. ಎಲ್ಲ ಕಡೆ ಹೀಗೇ ಅಂತೆ.

ಭಾವನಿಗೆ ನಮಸ್ಕಾರ.

ನಿನ್ನ ತಂಗಿ


ಜೂನ್ ೨೩

ಮೌನಗೌರೀ,

ನಿನ್ನ ಕಾಗದ ನಿಮ್ಮ ಭಾವಂಗೂ ಓದಿ ಹೇಳಿದೆ. "ಹನ್ನೊಂದು ಹೆಸರಲ್ಲಿ ಮಾತಾಡ್ತಾಳಂತಾ? ಇಲ್ಲಿದ್ದಾಗ ಒಂದು ಹೆಸರಲ್ಲೂ ಆಡ್ತಿರಲಿಲ್ವಲ್ಲೇ!" ಅಂತ ನಕ್ಕಿದ್ದೇ ನಕ್ಕಿದ್ದು. ಟೈಲರ್ ಸಿಕ್ಕಿದ್ರೆ ಅವರ ಪ್ಯಾಂಟು ಸ್ವಲ್ಪ ಸಡಿಲ ಮಾಡಿಕೊಡೋಕೆ ಹೇಳಬೇಕಂತೆ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ನೀನು ಕಾರ್ಖಾನೆ ಒಳಗೆ ಯಾವತ್ತೂ ಬಂದಿಲ್ಲ ಅಲ್ವಾ? ಬ್ಯಾಟರಿಗೆ ಸೀಸದ ತಗಡು ಮಾಡೋ ಗಂಡಸರ ಬಟ್ಟೆ ದಿನಾ ನಮ್ಮ ಕೋಣೆಗೆ ಬರುತ್ತೆ. ಮೆಷಿನ್ನಿಗೆ ಹಾಕೋ ಮುಂಚೆ ಕೊಡವಬೇಕು, ಇಲ್ಲದಿದ್ದರೆ ಮೆಷಿನ್ ಕಟ್ಟಿಕೊಳ್ಳುತ್ತೆ. ಇಬ್ಬಿಬ್ಬರು ಎದುರುಬದುರು ನಿಂತು ಒಂದೊಂದು ಕಡೆ ಹಿಡಿದು ಕೊಡವೋದು. ಬೂದು ಪುಡಿ ಏಳುತ್ತೆ. ಗಂಡಸರಿಗೆ ಮೂಗು ಮುಚ್ಚಿಕೊಳ್ಳೋಕೆ ಮಾಸ್ಕ್ ಕೊಡ್ತಾರೆ, ನಮಗಿಲ್ಲ. ನಾವು ಸೀಸ ಮುಟ್ಟೋರಲ್ಲವಂತೆ, ಬಟ್ಟೆ ಮುಟ್ಟೋರಂತೆ.

ಮಾರ್ಚಿನಲ್ಲಿ ಕಾರ್ಖಾನೆ ಡಾಕ್ಟರು ಬಂದು ನಮ್ಮೆಲ್ಲರ ರಕ್ತ ತಗೊಂಡು ಹೋದರು. ವರದಿ ಕೇಳಿದರೆ "ಎಲ್ಲಾ ಚೆನ್ನಾಗಿದೀರಿ, ಹೋಗ್ರಮ್ಮಾ" ಅಂತಾರೆ. ಕಾಗದ ಮಾತ್ರ ಕೊಡಲ್ಲ. ಆಮೇಲೆ ಮೂರು ಜನಕ್ಕೆ ನಾಳೆಯಿಂದ ಬರಬೇಡಿ ಅಂದರು. ಮೂವರಿಗೂ ಕೈ ನಡುಗ್ತಿತ್ತು. ನನಗೆ ನಡುಕ ಇಲ್ಲ. ಬಲಗೈ ಮಣಿಕಟ್ಟು ಒಂದೊಂದು ಸಲ ಮೇಲೇಳಲ್ಲ, ಅಷ್ಟೆ. ಗಾಬರಿ ಬೀಳಬೇಡ.

ಒಂದು ಕೇಳಬೇಕಿತ್ತು. ಆ ಬಯಲಲ್ಲಿ ಹಾಕಿದ್ದನ್ನ ಯಾರೂ ತೆಗೆಯೋಕೆ ಆಗಲ್ವಾ? ದುಡ್ಡಿರೋರಿಗೂ? ಬರೆದೋರು ಯಾರು ಅಂತ ಪೋಲೀಸರಿಗೂ ಗೊತ್ತಾಗಲ್ವಾ? ಸುಮ್ಮನೆ ಕೇಳಿದೆ.

ನಿನ್ನ ಕಾಲೇಜಿನ ಲ್ಯಾಪ್‌ಟಾಪು ನಮ್ಮ ಕ್ವಾರ್ಟರ್ಸಿನಲ್ಲೇ ಇದೆ. ಇನ್ನೂ ಜೀವ ಇದೆ ಅದಕ್ಕೆ.

ನಿನ್ನ ಅಕ್ಕ


ಜುಲೈ ೨

ಅಕ್ಕಾ,

ಮೊದಲು ಬೇರೆ ಡಾಕ್ಟರಿಗೆ ಕೈ ತೋರಿಸು. ದಯವಿಟ್ಟು.

ನೀನು ಕೇಳಿದ್ದಕ್ಕೆ ಉತ್ತರ: ಆಗುವುದಿಲ್ಲ. ಬಯಲಿನ ಅಂದವೇ ಅದು. ಒಂದು ಪತ್ರಿಕೆಯನ್ನು ಕೊಳ್ಳಬಹುದು, ಒಬ್ಬ ಸಂಪಾದಕನಿಗೆ ಫೋನು ಮಾಡಿಸಬಹುದು. ಇಲ್ಲಿ ಯಾರಿಗೆ ಮಾಡುತ್ತಾರೆ? ಬರೆದ ಚೂರು ಯಾರ ಮನೆಯಲ್ಲಿದೆ ಎಂದು ಆ ಮನೆಯವರಿಗೇ ತಿಳಿದಿರುವುದಿಲ್ಲ. ಲಕ್ಷಾಧೀಶನ ಮಾತಿಗೂ ಕೂಲಿಯವಳ ಮಾತಿಗೂ ಒಂದೇ ಅಳತೆಯ ಜಾಗ. ನಾಲ್ಕು ವರ್ಷ ಪುಸ್ತಕಗಳಲ್ಲಿ ಓದಿದ ಸಮಾನತೆಯನ್ನು ಕಣ್ಣಾರೆ ಕಂಡ ಹಾಗಾಯಿತು ನನಗೆ.

ಬರೆದದ್ದಕ್ಕೆ ಒಂದು ವಿಳಾಸ ಸಿಗುತ್ತದೆ. ಅರ್ಥವಿಲ್ಲದ ಅಕ್ಷರ, ಅಂಕಿಗಳ ಉದ್ದನೆಯ ಸಾಲು. ಅದನ್ನು ಇಟ್ಟುಕೊಂಡವರು ಯಾವಾಗ ಬೇಕಾದರೂ ಕೇಳಿ ಓದಬಹುದು. ಸೇರುವುದು ಹೇಗೆಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಒಂದೊಂದೇ ಹೆಜ್ಜೆ ಓದಿಕೊಂಡು ಮಾಡು. ಆತುರಕ್ಕೆ ಬಿದ್ದು ಎಲ್ಲ ಗುಂಡಿಯನ್ನೂ ಒತ್ತಬೇಡ.

ಯಾಕೆ ಕೇಳಿದೆ ಎಂದು ನಾನು ಕೇಳುವುದಿಲ್ಲ.

ನಿನ್ನ ತಂಗಿ


ಸೆಪ್ಟೆಂಬರ್ ೧೫

ಅಕ್ಕಾ,

ಎರಡು ತಿಂಗಳಿನಿಂದ ನೀನೂ ಬರೆದಿಲ್ಲ, ನಾನೂ ಬರೆದಿಲ್ಲ.

ಬಯಲಿನಲ್ಲಿ ಒಂದು ಬರಹ ಓದಿದೆ. ಹೆಸರು 'ಕೊಡವುವ ಕೋಣೆಯಿಂದ'. ಆರು ಭಾಗಗಳಿವೆ. ಒಬ್ಬ ಹೆಂಗಸು, ಕಾರ್ಖಾನೆಯಲ್ಲಿ ಬಟ್ಟೆ ಕೊಡವುವವಳು, ದಿನದ ಕೆಲಸವನ್ನು ಇದ್ದ ಹಾಗೆ ಬರೆದಿದ್ದಾಳೆ. ಬೆಳಿಗ್ಗೆ ಬಟ್ಟೆಯ ಗಂಟು ಬಿಚ್ಚಿದಾಗಿನ ವಾಸನೆ. ಯಾರ ಅಂಗಿ ಯಾವುದೆಂದು ಕಾಲರಿನ ಕೊಳೆಯಿಂದಲೇ ಗುರುತಿಸುವುದು. ಡಾಕ್ಟರ ಮೇಜಿನ ಖಾನೆ, ಅದರಲ್ಲಿರುವ ಇನ್ನೂರ ಅರವತ್ತು ಜನರ ರಕ್ತದ ವರದಿ. ಮನೆಗೆ ಹೋದ ಮೂವರು.

ನಾಲ್ಕನೇ ಸಾಲಿಗೇ ನನ್ನ ಕಣ್ಣು ನಿಂತಿತು. ಇಬ್ಬರು ಪ್ಯಾಂಟಿನ ಎರಡು ತುದಿ ಹಿಡಿದು ಕೊಡವುವಾಗ ಆಕೆ ಎಣಿಸುತ್ತಾಳೆ: "ಒಂದು ಅಮ್ಮಂಗೆ, ಒಂದು ಅಪ್ಪಂಗೆ, ಒಂದು ಬೆಕ್ಕಿಗೆ." ಹಾಸಿಗೆಯ ಹೊದಿಕೆ ಕೊಡವುವಾಗ ಹೀಗೆ ಎಣಿಸುತ್ತಿದ್ದ ಇಬ್ಬರು ಹುಡುಗಿಯರು ನನಗೆ ಗೊತ್ತು. ಅವರಲ್ಲಿ ಚಿಕ್ಕವಳು ಬೆಕ್ಕಿನ ಪಾಲಿಗೆ ಯಾವಾಗಲೂ ಕೈ ಬಿಟ್ಟುಬಿಡುತ್ತಿದ್ದಳು.

ಬಹಳ ಚೆನ್ನಾಗಿ ಬರೆದಿದ್ದಾಳೆ. ನಾನು ಅದನ್ನು ಹೇಗೆ ಓದಿದೆ, ಯಾಕೆ ಓದಿದೆ ಎಂದು ಈಗ ಕೇಳಬೇಡ.

ಮಣಿಕಟ್ಟು ಹೇಗಿದೆ?

ತಂಗಿ


ಸೆಪ್ಟೆಂಬರ್ ೩೦

ಮೌನಗೌರೀ,

ನೀನೇ ಓದಿದ್ದು ಸಂತೋಷ. ನೀನೊಬ್ಬಳಾದರೂ ಓದಿದೆಯಲ್ಲ.

ಮೊದಲ ತಿಂಗಳು ಜನ ಓದ್ತಿದ್ರು ಕಣೇ. ಯಾವ್ಯಾವುದೋ ಊರಿನೋರು, ನಮ್ಮ ಕಾರ್ಖಾನೇಲೂ ಹಿಂಗೇ ಅಂತ ಬರೀತಿದ್ರು. ನಲ್ಲಿ ಹತ್ರ ನೀರು ಹಿಡಿಯೋಕೆ ನಿಂತಾಗ ನಾನು ವಿಳಾಸ ಚೀಟಿಯಲ್ಲಿ ಬರೆದು ಕೊಡ್ತಿದ್ದೆ, ಯಾರು ಬರೆದಿದ್ದೋ ಗೊತ್ತಿಲ್ಲ ಅಂತ ಹೇಳಿ. ಈಗ ಆ ಚೀಟಿ ಇಟ್ಟುಕೊಂಡು ಕೇಳಿದರೂ ಬರಲ್ಲ. ಒಂದನೇ ಭಾಗ ಹೋಗಿದೆ. ಮೂರನೇದು ಅರ್ಧಕ್ಕೆ ನಿಲ್ಲುತ್ತೆ. ಪಕ್ಕದ ಮನೆಯವಳ ತಮ್ಮ ಹೊಸದಾಗಿ ಬಯಲಿಗೆ ಸೇರಿದ. ಅವನಿಗೆ ಕಾಣೋದೆಲ್ಲ ಯಾರೋ ಪೋಸ್ಟ್‌ಮಾಸ್ಟರು, ಯಾರೋ ಅವಳಿ ಮಕ್ಕಳ ತಾಯಿ. ನಮ್ಮ ಬರಹ ಸುಳ್ಳು, ಯಾವನೋ ಪ್ರತಿಸ್ಪರ್ಧಿ ಕಂಪನಿಯೋನು ಬರೆಸಿದ್ದು ಅಂತ ಅವರೆಲ್ಲ ಹೇಳ್ತಿದ್ದಾರಂತೆ.

ಅವಳಿ ಮಕ್ಕಳ ತಾಯಿ ಅಂದಾಗ ನಂಗೆ ನಿನ್ನ ಜೂನಿನ ಕಾಗದ ನೆನಪಾಯ್ತು. ಹೋಗಿ ತೆಗೆದು ಓದಿದೆ.

ಯಾರೂ ತೆಗೆಯೋಕಾಗಲ್ಲ ಅಂತ ನೀನೇ ಬರೆದಿದ್ದೆ.

ಅಕ್ಕ


ಅಕ್ಟೋಬರ್ ೧೨

ಅಕ್ಕಾ,

ಹೌದು. ಅವಳು ನಾನೇ. ಪೋಸ್ಟ್‌ಮಾಸ್ಟರೂ ನಾನೇ.

ಸೆಪ್ಟೆಂಬರ್ ಮೊದಲ ವಾರ ಅತ್ತೆ ಎಲ್ಲರ ಮೇಜಿನ ಮೇಲೂ ಒಂದೊಂದು ಹಾಳೆ ಇಟ್ಟು ಹೋದರು. ಇಂಥ ಬರಹವನ್ನು ನಂಬಬೇಡಿ ಎಂದು ನಮ್ಮ ಜನರೆಲ್ಲ ಹೇಳಬೇಕು. ಹಾಳೆಯ ಮೇಲೆ ನಿಮ್ಮ ಕಾರ್ಖಾನೆಯ ಹೆಸರಿತ್ತು. ನಮಗೆ ಸಂಬಳ ಕೊಡುವವರು ಯಾರೆಂದು ನನಗೆ ಆವತ್ತು ತಿಳಿಯಿತು. ತಿಳಿದ ಮೇಲೂ ಅವಳಿ ಮಕ್ಕಳ ತಾಯಿಯಿಂದ ಎರಡು ಸಾಲು ಬರೆಸಿದೆ. ಅತ್ತೆ ಹಿಂದೆ ನಿಂತಿದ್ದರು ಎಂದು ಹೇಳಬಹುದು. ನಿಂತಿದ್ದದ್ದೂ ನಿಜ. ಬರೆದದ್ದು ನನ್ನ ಬೆರಳು.

ಜುಲೈನಲ್ಲಿ ನಾನು ಹೇಳಿದ್ದು ಸುಳ್ಳಲ್ಲ, ಅರ್ಧ. ಯಾರೂ ತೆಗೆಯಲಾರರು. ಆದರೆ ಪ್ರತಿಯೊಬ್ಬರೂ ಬಿಟ್ಟುಕೊಟ್ಟ ಜಾಗಕ್ಕೆ ಒಂದು ಮಿತಿ ಇದೆ. ಜನ ಪದೇ ಪದೇ ಕೇಳುವುದು ಉಳಿಯುತ್ತದೆ, ಯಾರೂ ಕೇಳದ್ದು ಹೊಸದಕ್ಕೆ ಜಾಗ ಬಿಟ್ಟು ತಾನಾಗಿ ಅಳಿಸಿಹೋಗುತ್ತದೆ. ಈ ಕಟ್ಟಡದ ಮೇಲಿನ ಎರಡು ಮಹಡಿಗಳಲ್ಲಿ ಮನುಷ್ಯರಿಲ್ಲ, ಬರೀ ಯಂತ್ರಗಳು. ನಾವು ಬರೆದ ಕೆಮ್ಮು, ಗುಂಡಿ, ಸ್ಟಾಂಪನ್ನು ಅವು ಓದುಗರ ಹಾಗೆ ಎಡೆಬಿಡದೆ ಕೇಳಿ ತರಿಸುತ್ತಿರುತ್ತವೆ. ಅಷ್ಟು ಕೇಳಿಸಿಕೊಂಡ ಬಯಲು ಅದೇ ದೊಡ್ಡ ವಿಷಯವೆಂದು ಅದಕ್ಕೇ ಜಾಗ ಕೊಡುತ್ತದೆ. ನಿನ್ನದನ್ನು ಯಾರೂ ಮುಟ್ಟಿಲ್ಲ ಅಕ್ಕಾ. ಅಕ್ಕಪಕ್ಕದಲ್ಲಿ ಜಾಗವಿಲ್ಲದ ಹಾಗೆ ಮಾಡಿದ್ದಾರೆ, ಅಷ್ಟೆ. ಹೊಸದಾಗಿ ಬಂದವನಿಗೆ ಗುರುತಿನವರು ಯಾರೂ ಇರುವುದಿಲ್ಲವಲ್ಲ, ಅವನನ್ನು ಮಾತಾಡಿಸಿ ಒಳಗೆ ಕರೆದುಕೊಳ್ಳುವವರೂ ನಾವೇ. ನಾವು ಮೂವತ್ತೆರಡು ಜನ, ಒಬ್ಬೊಬ್ಬರಿಗೆ ಹನ್ನೊಂದು ಹೆಸರು.

ಇನ್ನೊಂದಿದೆ. ಮೊನ್ನೆ ಅತ್ತೆ ತಮ್ಮ ಕೋಣೆಗೆ ಕರೆದು ದಪ್ಪ ಕಡತ ಕೊಟ್ಟರು. ನಿಮ್ಮ ವಿಭಾಗದ ಇನ್ನೂರ ಅರವತ್ತು ಹೆಂಗಸರ ರಜೆ ಅರ್ಜಿಗಳು. "ನೀನು ಸಾಹಿತ್ಯ ಓದಿದೋಳು. ಬರಹ ನೋಡಿ ಬರೆದೋರು ಇಂಥೋಳೇ ಅಂತ ಹೇಳಬೇಕು. ಇಪ್ಪತ್ತೈದು ದಿನ ಸಾಕಾ?" ಎಂದರು. ನಾನು ತಲೆಯಾಡಿಸಿದೆ. ಹೌದು ಎಂದೋ ಅಲ್ಲ ಎಂದೋ ನನಗೇ ತಿಳಿಯಲಿಲ್ಲ.

ಎಲ್ಲ ಅರ್ಜಿಯೂ ಒಂದೇ ಥರ, ಗೇಟಿನ ಪಕ್ಕ ಅಂಟಿಸಿದ ಮಾದರಿ ನೋಡಿ ಬರೆದವು. ನೂರ ಹನ್ನೆರಡನೆಯದು ಮಾತ್ರ ಬೇರೆ. "ಬಲಗೈ ನನ್ನ ಮಾತು ಕೇಳುತ್ತಿಲ್ಲ. ಕೇಳಲು ಶುರುಮಾಡಿದ ದಿನ ಬರುತ್ತೇನೆ." ಅಕ್ಕಾ, ರಜೆ ಅರ್ಜಿಯನ್ನು ಯಾರಾದರೂ ಹಾಗೆ ಬರೆಯುತ್ತಾರೆಯೇ? ನಿನ್ನ ಆರು ಭಾಗ ಓದಿದ ಯಾರೇ ಆದರೂ, ಉದ್ದಣ್ಣನಾದರೂ, ಅದನ್ನು ನೋಡಿದರೆ ಗುರುತಿಸಿಬಿಡುತ್ತಾನೆ.

ದಯವಿಟ್ಟು ನಿಲ್ಲಿಸು. ನಿನ್ನನ್ನು ಹಿಡಿದರೆ ಕೆಲಸ ಹೋಗುತ್ತದೆ, ಕ್ವಾರ್ಟರ್ಸು ಹೋಗುತ್ತದೆ, ಭಾವ ಓಡಿಸುವ ಲಾರಿಯೂ ಅವರದೇ.

ತಂಗಿ


ಅಕ್ಟೋಬರ್ ೨೬

ತಂಗಿಗೆ,

ನಿಲ್ಲಿಸಲ್ಲ.

ಮೂರು ದಿನ ನಿನ್ನ ಮೇಲೆ ಸಿಟ್ಟಿತ್ತು. ನಿಮ್ಮ ಭಾವ, "ಪಾಪ, ಅವಳೇನು ಮಾಡ್ತಾಳೆ ಬಿಡು" ಅಂದರು. ಅವರ ಮೇಲೂ ಸಿಟ್ಟು ಬಂತು. ನೀನು ಚಿಕ್ಕಂದಿನಿಂದ ಹಿಂಗೇ. ಯಾರಾದರೂ ನಿನ್ನ ಹೆಗಲ ಮೇಲೆ ಕೈ ಇಟ್ಟರೆ ತೆಗೀರಿ ಅನ್ನೋಕಾಗದೆ ಮುಕ್ಕಾಲು ಗಂಟೆ ಹೊತ್ತುಕೊಂಡು ನಿಲ್ತೀಯ.

ನನ್ನ ಜೊತೆ ಎದುರು ನಿಂತು ಕೊಡವ್ತಿದ್ದೋಳು ಕಳೆದ ವಾರ ಕೋಣೇಲೇ ಬಿದ್ದಳು. ಅವಳ ಗಂಡ ಹೊರಗಡೆ ರಕ್ತ ಪರೀಕ್ಷೆ ಮಾಡಿಸಿದ. ಆ ಡಾಕ್ಟರು ಕಾಗದ ನೋಡಿ, "ಎಷ್ಟು ವರ್ಷದಿಂದ ಸೀಸದ ಕೆಲಸ ಮಾಡ್ತಿದಾಳೆ?" ಅಂತ ಕೇಳಿದರಂತೆ. ಬಟ್ಟೆ ಕೆಲಸ ಅಂದರೆ ನಂಬಲಿಲ್ಲವಂತೆ. ಆ ವರದಿಯನ್ನ ಏಳನೇ ಭಾಗದಲ್ಲಿ ಇದ್ದ ಹಾಗೇ ಹಾಕಿದೀನಿ, ಆರನ್ನೂ ಮತ್ತೆ ಹಾಕಿದೀನಿ. ಎಡಗೈಯಲ್ಲಿ, ಒಂದೊಂದೇ ಅಕ್ಷರ ಕುಟ್ಟಿ. ಕೊಡವೋ ಕೋಣೇಲಿ ಇನ್ನೂ ಇನ್ನೂರು ಚಿಲ್ಲರೆ ಜನ ಇದ್ದಾರೆ. ಅದು ಉಳಿಯಲೇಬೇಕು. ಅವರಲ್ಲಿ ಒಬ್ಬಳಾದರೂ ಓದಿ ಹೊರಗೆ ಹೋಗಿ ಪರೀಕ್ಷೆ ಮಾಡಿಸಲಿ.

ನೀನು ಅಲ್ಲಿಂದ ಬಿಟ್ಟು ಬಾ. ಸಹಿ ಗಿಹಿ ಎಲ್ಲ ಏನಾದರೂ ಆಗಲಿ. ಅವರ ಅನ್ನ ತಿಂದುಕೊಂಡು ನಂಗೆ ಕಾಗದ ಬರೀಬೇಡ. ಬಂದರೆ ಇಲ್ಲಿ ಜಾಗ ಇದೆ.

ಎಂಟು ವಿಳಾಸ ಇದರ ಹಿಂದೆ ಬರೆದಿದೀನಿ. ಏಳು ಭಾಗದ್ದು ಏಳು, ಕೊನೇದು ವರದಿಯ ಫೋಟೋದ್ದು. ನಮ್ಮ ಕಡೆ ಅಳಿಸಿಹೋದರೆ ಎಲ್ಲಾದರೂ ಒಂದು ಕಡೆ ಇರಲಿ ಅಂತ.

ಅಕ್ಕ


ನವೆಂಬರ್ ೬

ಅಕ್ಕಾ,

ಬರೀಬೇಡ ಎಂದಿದ್ದೀಯ. ಇದೊಂದನ್ನು ಓದಿಬಿಡು.

ಗಡುವಿನ ದಿನ ಅತ್ತೆ ಕರೆದರು. ಕಡತ ಹಿಡಿದು ಒಳಗೆ ಹೋದೆ. ಇಂಥವರೆಂದು ತಿಳಿಯಲಿಲ್ಲ ಎಂದೆ. "ತಿಳೀಲಿಲ್ಲ ಅಂದ್ರೆ? ಉದ್ದಣ್ಣನ ಕೈಗೆ ಕೊಡ್ತೀನಿ, ಒಂದು ದಿನದಲ್ಲಿ ಹೇಳ್ತಾನೆ" ಎಂದು ಕೈ ಚಾಚಿದರು. ಕಡತ ಕೊಡಲು ನನ್ನ ಕೈ ಬರಲಿಲ್ಲ. ಬಿಚ್ಚಿ ಮೊದಲನೆಯ ಅರ್ಜಿಯನ್ನು ಗಟ್ಟಿಯಾಗಿ ಓದತೊಡಗಿದೆ. "ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ..." ಎರಡನೆಯದು. ಮೂರನೆಯದು. ಎಲ್ಲ ಅದೇ. ನಾನು ಆ ಆಫೀಸಿನಲ್ಲಿ ಇಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಹತ್ತನೆಯದಕ್ಕೆ ಅತ್ತೆ ಗಡಿಯಾರ ನೋಡಿದರು. ಇಪ್ಪತ್ತನೆಯದಕ್ಕೆ ಅವರಿಗೆ ಫೋನು ಬಂತು, ಕತ್ತರಿಸಿದರು. ನಾನು ಓದುತ್ತಲೇ ಇದ್ದೆ. ನಿನ್ನ ನೂರ ಹನ್ನೆರಡಕ್ಕೆ ಇನ್ನೆಷ್ಟು ಉಳಿದಿವೆ ಎಂದು ಎಣಿಸುತ್ತಿದ್ದೆ. ಆದರೆ ನಿಲ್ಲಿಸಿದರೆ ಅವರು ಕೈ ಚಾಚುತ್ತಾರೆ.

ಮೂವತ್ತೆಂಟನೆಯದರ ಮಧ್ಯದಲ್ಲಿ "ಸಾಕು ನಿಲ್ಸೇ ತಾಯಿ!" ಎಂದು ಕಿವಿ ಮುಚ್ಚಿಕೊಂಡರು. "ಎಲ್ಲಾ ಒಂದೇ ಅಚ್ಚು. ಇದರಲ್ಲಿ ಯಾರನ್ನ ಹುಡುಕ್ತೀಯ?" ನನ್ನ ಕೈಯಿಂದ ಕಡತ ಕಿತ್ತು, ಕಟ್ಟಿ, ಕಾರ್ಖಾನೆಗೆ ವಾಪಸು ಕಳಿಸಲು ಜವಾನನನ್ನು ಕೂಗಿದರು. ಅದು ಕಟ್ಟಡದಿಂದ ಹೊರಗೆ ಹೋಗುವವರೆಗೆ ನಾನು ಕಿಟಕಿಯ ಬಳಿ ನಿಂತು ನೋಡಿದೆ.

"ನಾಲ್ಕು ವರ್ಷ ಸಾಹಿತ್ಯ ಓದಿ ಏನ್ ಬಂತು ನಿಂಗೆ?" ಎಂದು ಕೇಳಿದರು. ಆಮೇಲೆ, ಅವರ ಮಟ್ಟಿಗೆ ಅದು ದಯೆಯೇ ಇರಬೇಕು, ಎರಡು ದಾರಿ ತೋರಿಸಿದರು. ಬೇಕಾದರೆ ಈ ತಿಂಗಳ ಕೊನೆಗೆ ಬಿಟ್ಟುಹೋಗಬಹುದು, ಒಪ್ಪಂದ ಹಿಡಿದು ಕೂರುವುದಿಲ್ಲ. ಇಲ್ಲದಿದ್ದರೆ ನೆಲಮಾಳಿಗೆ. ಅಲ್ಲಿ ಪಟ್ಟಿ ಬರೆಯುತ್ತಿದ್ದ ಅಜ್ಜ ಕೆಲಸ ಬಿಡುತ್ತಿದ್ದಾರೆ. ಯಾರೂ ಅಲ್ಲಿಗೆ ಹೋಗಲು ಒಪ್ಪುತ್ತಿಲ್ಲ.

ಹೋಗಿ ನೋಡಿ ಬಂದೆ. ಕಿಟಕಿಯಿಲ್ಲ. ಒಂದು ಮೇಜು, ಒಂದು ದೀಪ, ಗೋಡೆಯೊಳಗೆ ಯಾರೋ ಉಸಿರು ಬಿಡದೆ ಗೊಣಗುವ ಹಾಗೆ ಯಂತ್ರಗಳ ಸದ್ದು. ಅಜ್ಜನಿಗೆ ಕಿವಿ ಮಂದವಾಗಿದೆ. ಕೂಗಿಯೇ ಮಾತಾಡಬೇಕು. "ಹಗಲಾ ರಾತ್ರಿಯಾ ತಿಳಿಯಲ್ಲಮ್ಮಾ ಇಲ್ಲಿ. ಊಟದ ಡಬ್ಬಿ ಬಂದ್ರೆ ಮಧ್ಯಾಹ್ನ ಅಂದ್ಕೋಬೇಕು" ಎಂದರು. ಮೇಲಿನ ಯಂತ್ರಗಳು ವಾರವಿಡೀ ಏನೇನು ಕೇಳಬೇಕು ಎಂಬ ಪಟ್ಟಿಯನ್ನು ಪ್ರತಿ ಸೋಮವಾರ ಇಲ್ಲಿ ಕೂತು ತುಂಬಬೇಕು. ನಾಲ್ಕು ಸಾವಿರ ವಿಳಾಸ. ಎಲ್ಲವೂ ಅರ್ಥವಿಲ್ಲದ ಅಕ್ಷರ, ಅಂಕಿಗಳ ಸಾಲು. "ಯಾವುದು ಯಾವುದರದ್ದು ಅಂತ ನೋಡ್ತಾರಾ ಅಜ್ಜಾ?" ಎಂದು ಕೂಗಿದೆ. "ಯಾರು? ಇಪ್ಪತ್ತು ಸಲ ತಪ್ಪು ಹಾಕಿದೀನಿ. ದೇವರಾಣೆ, ಒಬ್ಬರೂ ಕೇಳಿಲ್ಲ" ಎಂದು ನಕ್ಕರು.

ಮೇಲೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ನಿನ್ನ ಮನೆಗೆ ಬರಬೇಕೆಂದು ಬಹಳ ಆಸೆಯಾಯಿತು. ನಿನ್ನ ಕೈಗೆ ಎಣ್ಣೆ ಹಚ್ಚಬೇಕು, ಭಾವನ ಕೈಯಲ್ಲಿ ಬೈಸಿಕೊಳ್ಳಬೇಕು. ಒಂದನೇ ತಾರೀಖಿಗೆ ಹೊರಟರೆ ಎರಡಕ್ಕೆ ನಿನ್ನ ಬಾಗಿಲಲ್ಲಿರುತ್ತೇನೆ.

ಬರುವುದಿಲ್ಲ ಅಕ್ಕಾ. ನೆಲಮಾಳಿಗೆಗೆ ಹೋಗುತ್ತೇನೆ ಎಂದು ಅತ್ತೆಗೆ ಹೇಳಿದ್ದೇನೆ. ಹೊಸಬರಿಗೆ ಮೊದಲು ಸಿಗುವುದು ಇನ್ನೂ ಆ ಪೋಸ್ಟ್‌ಮಾಸ್ಟರೇ, ಅದನ್ನು ನಾನು ಬದಲಿಸಲಾರೆ. ಆದರೆ ನಲ್ಲಿಯ ಬಳಿ ನಿನ್ನ ಚೀಟಿ ಪಡೆದವಳು ಕೇಳಿದಾಗ ಬರಹ ಅಲ್ಲಿರುತ್ತದೆ. ಪಟ್ಟಿಯ ನಾಲ್ಕು ಸಾವಿರದಲ್ಲಿ ನೀನು ಕಳಿಸಿದ ಎಂಟು ಸಾಲು ಸೇರಿಸುತ್ತೇನೆ. ನಾನು ಆ ಕುರ್ಚಿಯಲ್ಲಿ ಇರುವಷ್ಟು ದಿನ ನಿಮ್ಮ ಧಣಿಯ ಎರಡು ಮಹಡಿಯ ಯಂತ್ರಗಳು ಆ ರಕ್ತದ ವರದಿಯನ್ನು ಕೇಳುತ್ತಲೇ ಇರುತ್ತವೆ. ನಾನು ಎದ್ದ ವಾರವೇ ಅದು ಅಳಿಸಿಹೋಗುತ್ತದೆ. ಆದ್ದರಿಂದ ಏಳುವುದಿಲ್ಲ.

ಅವರ ಅನ್ನ ತಿನ್ನುತ್ತಿದ್ದೇನೆ, ನಿಜ. ನೀನು ಕಾಗದ ಬರೆಯದಿದ್ದರೂ ಸರಿ. ಮುಂದೆ ನೀನು ಬರೆಯುವ ಎಂಟನೇ ಭಾಗದ ವಿಳಾಸ ಮಾತ್ರ ಕಳಿಸು. ಕೈ ಏಳದಿದ್ದರೆ ಭಾವನಿಂದ ಬರೆಸು. ಒಂದಕ್ಷರವೂ ತಪ್ಪಬಾರದು, ಸೋಮವಾರಕ್ಕೆ ಮುಂಚೆ ನನಗೆ ಸಿಗಬೇಕು.

ನಿನ್ನ ತಂಗಿ